ಕಕ್ಕೆ, ಗಂಧ, ಪುನರ್ಪುಳಿ: ಮೂರೂ ಮೊಳೆಯಲಿಲ್ಲ, ಎಂತ ಮಾಡುವುದು?

ಕಟಪಾಡಿ ಅಕ್ಕ · ಮೇ 27

ಎಲ್ಲರಿಗೂ ನಮಸ್ಕಾರ. ಬೀಜ ಮೊಳೆಸಲಿಕ್ಕೆ ಹೋಗಿ ಸೋತು ಕೂತಿದ್ದೇನೆ. ಬೀಜ ಅಂದರೆ ನಮ್ಮ ಕಡೆ ಗೇರುಬೀಜ ಅಂದುಕೊಳ್ಳುವವರೇ ಜಾಸ್ತಿ. ಅದಲ್ಲ, ಮರದ ಬೀಜಗಳು.

ಮೊದಲು ಕಕ್ಕೆಯ ಕತೆ. ನನ್ನ ಅಮ್ಮನ ಮನೆ ಮಂಜೇಶ್ವರದ ಕಡೆ. ಬಿಸು (ಸೌರ ಯುಗಾದಿ) ಕಣಿಗೆ ಕಕ್ಕೆ ಹೂವು ಇಲ್ಲದೆ ಅವರಿಗೆ ಆಗುವುದಿಲ್ಲ. ಈ ವರ್ಷ ಪೇಟೆಯಲ್ಲಿ ಬಾಡಿದ ಒಂದು ಗೊಂಚಲಿಗೆ 40 ರೂಪಾಯಿ ಕೊಟ್ಟು ತಂದೆ. ಸಿಟ್ಟು ಬಂತು. ನಮ್ಮ ಹನ್ನೆರಡು ಸೆಂಟ್ಸ್ ಜಾಗದಲ್ಲಿ ಒಂದು ಕಕ್ಕೆ ಮರಕ್ಕೆ ಜಾಗ ಇಲ್ಲವಾ? ಮಣಿಪಾಲಕ್ಕೆ ಹೋದಾಗ ರಸ್ತೆ ಬದಿಯ ಮರದ ಅಡಿಯಿಂದ ಏಳು ಕೋಡು ಹೆಕ್ಕಿಕೊಂಡು ಬಂದೆ. ಕಡಿಯುವ ಕಲ್ಲಿನ ಮೇಲೆ ಇಟ್ಟು ಗುಂಡುಕಲ್ಲಿನಿಂದ ಒಡೆದೆ. ಒಳಗೆ ನಾಣ್ಯ ಜೋಡಿಸಿದ ಹಾಗೆ ಒಂದೊಂದು ಕೋಣೆಗೆ ಒಂದೊಂದು ಬೀಜ, ಸುತ್ತ ಜೋನಿಬೆಲ್ಲದ ಹಾಗೆ ಕಪ್ಪು ಅಂಟು. ತೊಳೆದು 64 ಬೀಜ ಬಿತ್ತಿದೆ. ನಲವತ್ತು ದಿನ ಆಯಿತು. ಬಂದದ್ದು ಎರಡು. ಉಳಿದದ್ದನ್ನು ಮೊನ್ನೆ ಕೆದಕಿ ನೋಡಿದೆ. ಕೊಳೆತಿಲ್ಲ, ಮೊಳೆತೂ ಇಲ್ಲ. ತೊಳೆದರೆ ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತವೆ.

ಈ ನಡುವೆ ಒಂದು ವಿಡಿಯೋ ನೋಡಿದ್ದೆ. ಗಟ್ಟಿ ಬೀಜಕ್ಕೆ ಕುದಿಯುವ ನೀರು ಹಾಕಬೇಕು ಅಂತ ಅದರಲ್ಲಿ ಹೇಳಿದ್ದರು. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ 50 ಗಂಧದ ಬೀಜ ತರಿಸಿ ಇಟ್ಟಿದ್ದೆ. ಅದಕ್ಕೂ ಹಾಕಿದೆ. ಒಂದೂ ಬರಲಿಲ್ಲ. ಪುನರ್ಪುಳಿ (ಕೋಕಂ) ಶರಬತ್ತು ಮಾಡಿದ ಮೇಲೆ ಉಳಿದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಟೆರೇಸ್ ಮೇಲೆ ಎಂಟು ದಿನ ಬಿಸಿಲಲ್ಲಿ ಒಣಗಿಸಿದ್ದೆ, ಹಾಗಲ, ಸೋರೆ ಬೀಜ ಒಣಗಿಸುವ ಹಾಗೆ. ಅದಕ್ಕೂ ಕುದಿನೀರು ಹಾಕಿ ಬಿತ್ತಿದೆ. ಅದು ಕೊಳೆತು ವಾಸನೆ ಬಂತು.

ಬೆಂಡೆ, ಹೀರೆ, ಮಟ್ಟುಗುಳ್ಳ ಎಲ್ಲ ನನ್ನ ಕೈಯಲ್ಲಿ ಚಂದ ಬರುತ್ತದೆ. ಹಾಗಿರುವಾಗ ನಮ್ಮ ಮನೆಯವರು "ನಿನ್ನ ಕೈಗುಣ" ಅಂತ ನಗುವುದನ್ನು ಕೇಳಿಕೊಂಡು ಇರಬೇಕಾಗಿದೆ. ಮಳೆ ಶುರುವಾಗುವ ಮೊದಲು ಯಾರಾದರೂ ದಾರಿ ಹೇಳಿ.

ಕದ್ರಿ ಟೆರೇಸ್ · ಮೇ 27

ಅಕ್ಕ, ಕಕ್ಕೆಗೆ ಮರಳು ಕಾಗದ ಉಜ್ಜಿ ನೋಡಿ. ಬಡಗಿಗಳ ಹತ್ತಿರ ಸಿಗುತ್ತದೆ. ಎರಡು ಕಾಗದದ ನಡುವೆ ಬೀಜ ಇಟ್ಟು ತಿಕ್ಕಿದರೆ ಆಯಿತು. ನಾನು ಶಂಖಪುಷ್ಪದ ಬೀಜಕ್ಕೆ ಹಾಗೇ ಮಾಡುವುದು. ಮೂರೇ ದಿನಕ್ಕೆ ಮೊಳಕೆ. ಗಂಧ, ಪುನರ್ಪುಳಿ ನನಗೆ ಗೊತ್ತಿಲ್ಲ, ಹಿರಿಯಡ್ಕದ ಅಣ್ಣ ಬರಲಿ.

ಹಿರಿಯಡ್ಕ ನರ್ಸರಿಯವ · ಮೇ 28

ಬಂದೆ. ನಿನ್ನೆ ಇಡೀ ದಿನ ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಮಣ್ಣು ತುಂಬಿಸುವ ಕೆಲಸ.

ಅಕ್ಕ, ಬೇಜಾರು ಮಾಡಬೇಡಿ, ಓದಿ ನಗು ಬಂತು. ಪುನರ್ಪುಳಿ ಬೀಜಕ್ಕೆ ಕುದಿನೀರು ಹಾಕಿದಿರಿ ಅಂದರೆ ನೀವು ಬಿತ್ತಿದ್ದಲ್ಲ, ಸಾರು ಮಾಡಿದ್ದು. ನಿಮ್ಮ ಕೈಗುಣಕ್ಕೆ ಎಂತದೂ ಆಗಿಲ್ಲ. ಮೂರು ಬೀಜಕ್ಕೆ ಮೂರು ತರದ ಹಠ ಉಂಟು. ನೀವು ಕುದಿನೀರು ಬೇಕಾದ ಒಂದನ್ನು ಬಿಟ್ಟು, ಬೇಡದ ಎರಡಕ್ಕೆ ಹಾಕಿದಿರಿ.

ನಾನು 19 ವರ್ಷದಿಂದ ಸಣ್ಣ ನರ್ಸರಿ ನಡೆಸುತ್ತಿದ್ದೇನೆ. ಶುರುವಿನ ಎರಡು ವರ್ಷ ನಾನೂ ಹೀಗೇ ಮಾಡಿದವ. ಒಂದು ಸಲ ಬೋಗಿ ಮರದ ಬೀಜ ಒಂದು ಗೋಣಿ ತಂದು, ಪುರುಸೊತ್ತಿಲ್ಲ ಅಂತ ಕೊಟ್ಟಿಗೆಯ ಅಟ್ಟದಲ್ಲಿ ಒಂದು ತಿಂಗಳು ಇಟ್ಟೆ. ಒಂದು ಬೀಜವೂ ಬರಲಿಲ್ಲ, ಇಡೀ ಗೋಣಿ ಗೊಬ್ಬರದ ಗುಂಡಿಗೆ ಹೋಯಿತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಬೀಜ ಕೈಗೆ ಬಂದರೂ ಮೊದಲು ನಾಲ್ಕೈದು ಬೀಜ ಕತ್ತರಿಸಿ ನೋಡುವುದು. ಮೆಟ್ಟುಕತ್ತಿ ಸಾಕು, ಗಟ್ಟಿ ಇದ್ದರೆ ಅಡಿಕೆ ಕತ್ತರಿ. ಒಳಗೆ ಬಿಳಿ ಅಥವಾ ಕೆನೆ ಬಣ್ಣ, ಗಟ್ಟಿ, ಕೊಬ್ಬರಿಯ ಹಾಗೆ ತುಂಬಿಕೊಂಡಿದ್ದರೆ ಜೀವ ಉಂಟು ಅಂತ ಲೆಕ್ಕ. ಕಂದು ಆಗಿದ್ದರೆ, ಪುಡಿ ಉದುರಿದರೆ, ಟೊಳ್ಳಾಗಿದ್ದರೆ ಹೋಯಿತು. ಸತ್ತ ಬೀಜಕ್ಕೆ ಯಾವ ಉಪಚಾರ ಮಾಡಿಯೂ ಉಪಯೋಗ ಇಲ್ಲ. ನಾಲ್ಕು ಬೀಜ ಹಾಳಾಗುತ್ತದಲ್ಲ ಅಂತ ಹೊಟ್ಟೆ ಉರಿಸಿಕೊಳ್ಳಬೇಡಿ. ನಲವತ್ತು ದಿನ ಕಾಯುವುದು ಉಳಿಯುತ್ತದೆ.

ಈಗ ನಿಮ್ಮ ಕಕ್ಕೆ. ಕೆದಕಿದರೆ ಹೊಳೆಯುತ್ತಿತ್ತು ಅಂದಿರಲ್ಲ, ಉತ್ತರ ಅಲ್ಲೇ ಉಂಟು. ಒಳಗೆ ನೀರು ಹೋಗಿಯೇ ಇಲ್ಲ. ಕಕ್ಕೆ, ಗುಲಗಂಜಿ, ಮಂಜಟ್ಟಿ ಇವೆಲ್ಲದರ ಸಿಪ್ಪೆಯಲ್ಲಿ ಕಂಬ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ಒಂದು ಪದರ ಇರುತ್ತದೆ. ನೀರಿಗೆ ದಾರಿಯೇ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಬಿದ್ದಿದ್ದರೂ ಒಳಗೆ ಒಣ ಒಣ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲಿಕ್ಕೆ ಗುಲಗಂಜಿ ಇಟ್ಟುಕೊಳ್ಳುತ್ತಿದ್ದರಲ್ಲ, ಅಂಥ ಸಿಪ್ಪೆ. ಕಾಡಲ್ಲಾದರೆ ಕಕ್ಕೆಯ ಕೋಡನ್ನು ಕರಡಿ, ನರಿ, ಮಂಗ ತಿಂದು ಬೀಜ ಎಲ್ಲೆಲ್ಲೋ ಹಾಕಿ ಹೋಗುತ್ತವೆ. ಕೋಡಿನ ಕೋಣೆಯಿಂದ ಬೀಜಕ್ಕೆ ಬಿಡುಗಡೆ ಆಗುವುದು ಹಾಗೆ. ನಿಮ್ಮ ಹಿತ್ತಿಲಲ್ಲಿ ಕರಡಿ ಕೆಲಸವನ್ನು ನೀವೇ ಮಾಡಬೇಕು.

ಕುದಿನೀರು ಬೇಕಾದದ್ದು ಇದಕ್ಕೆ. ಅದೂ ಒಲೆಯ ಮೇಲೆ ಬೀಜ ಹಾಕಿ ಕುದಿಸುವುದಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಒಂದು ಮುಷ್ಟಿ ಬೀಜಕ್ಕೆ ಒಂದು ದೊಡ್ಡ ಚೆಂಬು ನೀರಿನ ಲೆಕ್ಕದಲ್ಲಿ ಸುರಿದು, ರಾತ್ರಿ ಹಾಗೇ ಬಿಡಿ. ತಾನಾಗಿ ತಣಿಯಲಿ. ಬೆಳಿಗ್ಗೆ ನೋಡಿದರೆ ಕೆಲವು ಬೀಜ ಉಬ್ಬಿರುತ್ತದೆ, ಕೆಲವು ಹಾಗೇ ಇರುತ್ತದೆ. ಉಬ್ಬಿದ್ದನ್ನು ಅವತ್ತೇ ಬಿತ್ತಿ. ಉಬ್ಬದೆ ಉಳಿದದ್ದಕ್ಕೆ ಇನ್ನೊಂದು ಸಲ ಬಿಸಿನೀರು. ಆಗಲೂ ಹಠ ಮಾಡಿದರೆ ಉಗುರು ಕತ್ತರಿಸುವ ಕಟ್ಟರ್ ತೆಗೆದುಕೊಳ್ಳಿ. ಕೋಡಿನ ಗೋಡೆಗೆ ಸಣ್ಣ ನೂಲಿನಂಥದ್ದರಲ್ಲಿ ಬೀಜ ಅಂಟಿಕೊಂಡಿರುತ್ತದಲ್ಲ, ಆ ಮೊನೆ ಬೀಜದ ಕಣ್ಣು. ಬೇರು ಬರುವುದು ಅಲ್ಲಿಂದ, ಅದನ್ನು ಮುಟ್ಟಬಾರದು. ಅದರ ಎದುರಿನ ಉರುಟು ತುದಿಯಲ್ಲಿ ಸಿಪ್ಪೆ ಮಾತ್ರ ಒಂದು ಚೂರು ಹಾರಿಸಿ. ಬಿಳಿ ಕಂಡ ಕೂಡಲೆ ಕೈ ನಿಲ್ಲಿಸಿ. ಕದ್ರಿಯವರ ಮರಳು ಕಾಗದವೂ ಒಳ್ಳೆಯದೇ, ಆದರೆ ಕಕ್ಕೆಗೆ ತಿಕ್ಕಿ ತಿಕ್ಕಿ ಕೈ ಸೋಲುತ್ತದೆ.

ದೊಡ್ಡ ನರ್ಸರಿಗಳಲ್ಲಿ ಗಂಧಕಾಮ್ಲದಲ್ಲಿ ಅದ್ದಿ ತೆಗೆಯುವ ಕ್ರಮ ಉಂಟು. ಮನೆಯಲ್ಲಿ ಅದರ ಸುದ್ದಿಗೇ ಹೋಗಬೇಡಿ. ಮಕ್ಕಳು ಓಡಾಡುವ ಜಾಗದಲ್ಲಿ ಗುಲಗಂಜಿಗೂ ಈ ಕಟ್ಟರ್ ಪ್ರಯೋಗ ಬೇಡ. ಸಿಪ್ಪೆ ಒಡೆದ ಗುಲಗಂಜಿ ವಿಷ, ಜೀವಕ್ಕೇ ಅಪಾಯ.

ಪುನರ್ಪುಳಿ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಗಟ್ಟಿ ಸಿಪ್ಪೆಯೂ ಇಲ್ಲ, ನಿದ್ದೆಯೂ ಇಲ್ಲ. ಮಳೆ ಬರುವ ಹೊತ್ತಿಗೆ ಸರಿಯಾಗಿ ಹಣ್ಣಾಗಿ ಬಿದ್ದು, ಒದ್ದೆ ನೆಲದಲ್ಲಿ ಕೂಡಲೆ ಬೇರು ಬಿಡುವ ಜಾತಿ. ಒಣಗಿ ಕಾಯುವುದು ಅದಕ್ಕೆ ಗೊತ್ತೇ ಇಲ್ಲ. ಒಣಗಿದರೆ ಸತ್ತಿತು. ಹಲಸು, ಮಾವು, ಬೋಗಿ, ಜಾಯಿಕಾಯಿ, ಕೊಕ್ಕೋ ಎಲ್ಲ ಇದೇ ಸಾಲಿನವು. ಕರಿಬೇವಿನ ಬೀಜ ಒಣಗಿಸಿ ಇಟ್ಟು ಬರಲಿಲ್ಲ ಅಂತ ಫೋನ್ ಮಾಡುವವರು ಪ್ರತಿ ವರ್ಷ ಇರುತ್ತಾರೆ. ನಿಮಗೆ ಇನ್ನೂ ಹಣ್ಣು ಸಿಗುತ್ತದೆ, ಮೇ ತಿಂಗಳು ಮುಗಿದಿಲ್ಲ. ಹೊಸ ಹಣ್ಣು ತನ್ನಿ. ಬೀಜದ ಮೇಲಿನ ಲೋಳೆಯನ್ನು ಹೊಯ್ಗೆ (ಮರಳು) ಹಾಕಿ ಕೈಯಲ್ಲಿ ತಿಕ್ಕಿ ತೊಳೆಯಿರಿ. ನೆರಳಲ್ಲಿ ನೀರು ಆರುವಷ್ಟು ಇಟ್ಟು ಅವತ್ತೇ, ಹೆಚ್ಚೆಂದರೆ ಮರುದಿನ, ಬಿತ್ತಿ. ಬೇರೆ ಉಪಚಾರ ಬೇಡ.

ಒಂದು ಮಾತು ಮಾತ್ರ ಈಗಲೇ ಹೇಳುತ್ತೇನೆ, ಆಮೇಲೆ ಬೈಯಬೇಡಿ. ಬೀಜದ ಪುನರ್ಪುಳಿ ಗಿಡದಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹೂವು ಬರುವ ತನಕ ಗೊತ್ತಾಗುವುದಿಲ್ಲ, ಹೂವಿಗೆ ಏಳೆಂಟು ವರ್ಷ ಕಾಯಬೇಕು. ಹಣ್ಣೇ ಬೇಕಾದರೆ ಕಸಿ ಗಿಡ ತೆಗೆದುಕೊಳ್ಳಿ.

ಗಂಧ ಮೂರನೆಯ ಜಾತಿ. ಅದರ ನಿದ್ದೆ ಸಿಪ್ಪೆಯಲ್ಲಿಲ್ಲ, ಒಳಗೇ ಉಂಟು. ಹೊಸ ಬೀಜ ಎರಡು ತಿಂಗಳ ಹತ್ತಿರ ಸುಮ್ನೆ ಮಲಗಿರುತ್ತದೆ. ಕುದಿನೀರು ಹಾಕಿದ್ದು ಬೆಂದು ಹೋಗಿದೆ, ಅದನ್ನು ಬಿಟ್ಟುಬಿಡಿ. ಬಾಕಿ ಬೀಜ ಉಂಟಾದರೆ ಐದು ಕತ್ತರಿಸಿ ನೋಡಿ ಹೇಳಿ. ಆಮೇಲೆ ಮಾತಾಡುವ.

ಕಟಪಾಡಿ ಅಕ್ಕ · ಮೇ 29

ಅಣ್ಣ, ತುಂಬ ಉಪಕಾರ ಆಯಿತು. ಸಾರಿನ ಮಾತನ್ನು ನಮ್ಮ ಮನೆಯವರಿಗೆ ಓದಿ ಹೇಳಿದ್ದೇ ತಪ್ಪಾಯಿತು, ಎರಡು ದಿನದಿಂದ ಊಟಕ್ಕೆ ಕೂತಾಗ ಅದೇ ಮಾತು.

ಗಂಧದ ಪ್ಯಾಕೆಟ್‌ನಲ್ಲಿ 14 ಬೀಜ ಉಳಿದಿತ್ತು. ಐದು ಕತ್ತರಿಸಿದೆ. ಕಡಲೆಕಾಳಿಗಿಂತ ಸಣ್ಣದು, ಮೆಟ್ಟುಕತ್ತಿಯಿಂದ ಹಾರಿ ಒಂದು ಒಲೆಯ ಅಡಿಗೆ ಹೋಯಿತು. ಉಳಿದ ನಾಲ್ಕರಲ್ಲಿ ಮೂರು ಟೊಳ್ಳು, ಒಳಗೆ ಕಂದು ಹುಡಿ. ಒಂದು ಮಾತ್ರ ಬಿಳಿ, ಎಣ್ಣೆ ಎಣ್ಣೆ. ಹಾಗಾದರೆ ನಾನು ದುಡ್ಡು ಕೊಟ್ಟು ತೆಗೆದುಕೊಂಡದ್ದೇ ಸತ್ತ ಬೀಜ ಅಲ್ವಾ? ಕುದಿನೀರಿನ ಪಾಪ ಅಷ್ಟು ನನ್ನ ತಲೆಯಿಂದ ಇಳಿಯಿತು.

ಅಂದ ಹಾಗೆ ಗಂಧಕ್ಕೆ ಜಿಬ್ಬರೆಲಿಕ್ ಆಸಿಡ್ ಅಂತ ಎಂತದೋ ಹಾಕಬೇಕು ಅಂತ ಓದಿದೆ. ಆಸಿಡ್ ಅಂದರೆ ಗಂಧಕಾಮ್ಲದ ತಮ್ಮನಾ? ಮುಟ್ಟಬಹುದಾ?

ಹಿರಿಯಡ್ಕ ನರ್ಸರಿಯವ · ಮೇ 29

ತಮ್ಮ ಅಲ್ಲ, ಸಂಬಂಧವೇ ಇಲ್ಲ. ಹೆಸರಲ್ಲಿ ಆಸಿಡ್ ಉಂಟು ಅಷ್ಟೆ, ಸುಡುವುದಿಲ್ಲ. ಅದು ಗಿಡದ ಒಳಗೇ ಇರುವ ಹಾರ್ಮೋನು.

ಅದು ಸಿಕ್ಕಿದ್ದು ಭತ್ತದ ಗದ್ದೆಯಿಂದ. ನೇಜಿಯಲ್ಲಿ ಕೆಲವು ಸಸಿ ಮಾತ್ರ ಬಿಳಿಚಿಕೊಂಡು, ಬೇರೆಯವುಗಳಿಗಿಂತ ಒಂದು ಗೇಣು ಎತ್ತರ ಹೋಗಿ, ಆಮೇಲೆ ಸಾಯುತ್ತದಲ್ಲ, ನೋಡಿರಬಹುದು ನೀವು. ಅದೊಂದು ಬೂಸ್ಟಿನ (ಶಿಲೀಂಧ್ರದ) ರೋಗ. 1926ರಲ್ಲಿ ಕುರೊಸಾವಾ ಅಂತ ಜಪಾನಿನ ವಿಜ್ಞಾನಿ, ಆ ಬೂಸ್ಟು ಬಿಡುವ ರಸದಿಂದಲೇ ಸಸಿ ಹಾಗೆ ಉದ್ದ ಆಗುವುದು ಅಂತ ತೋರಿಸಿದರು. ಆ ಬೂಸ್ಟಿನ ಹೆಸರು ಜಿಬ್ಬರೆಲ್ಲಾ, ಅದರಿಂದ ಮದ್ದಿಗೆ ಈ ಹೆಸರು. ನೇಜಿ ಹಾಳು ಮಾಡುವುದೇ ಗಂಧದ ಬೀಜವನ್ನು ಎಬ್ಬಿಸುವುದು.

ಲೆಕ್ಕ ಸುಲಭ. ಗಂಧಕ್ಕೆ 500 ಪಿಪಿಎಂ ಬೇಕು, ಅಂದರೆ ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ. ಕೃಷಿ ಅಂಗಡಿಯಲ್ಲಿ ಒಂದು ಗ್ರಾಂನ ಪುಡಿ ಸಿಕ್ಕಿದರೆ ಎರಡು ಲೀಟರ್ ಆಗುತ್ತದೆ. ಪುಡಿಯನ್ನು ಸೀದಾ ನೀರಿಗೆ ಹಾಕಬೇಡಿ, ಸರಿ ಕರಗುವುದಿಲ್ಲ. ಮೊದಲು ಒಂದು ಚಮಚ ಸ್ಪಿರಿಟ್‌ನಲ್ಲಿ ಕಲಸಿ, ಆಮೇಲೆ ನೀರಿಗೆ. ಬೀಜವನ್ನು 16 ಗಂಟೆ ನೆನೆಸಿಡಿ. ಸಂಜೆ ಐದಕ್ಕೆ ಹಾಕಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯಿರಿ. ಹೊಯ್ಗೆಯಲ್ಲಿ ಬಿತ್ತಿ. ಮೊಳಕೆ ಒಂದು ತಿಂಗಳ ನಂತರ ಒಂದೊಂದಾಗಿ ಬರುತ್ತದೆ, ಎಲ್ಲ ಒಟ್ಟಿಗೆ ಅಲ್ಲ. ದಿನಾ ಕೆದಕಿ ನೋಡುವ ಅಭ್ಯಾಸ ನಿಮಗೆ ಉಂಟು ಅಂತ ಕಾಣುತ್ತದೆ. ಅದನ್ನು ಬಿಡಿ.

ಆದರೆ ಈಗ ನಿಮ್ಮ ಹತ್ತಿರ ಇರುವ ಒಂಬತ್ತು ಬೀಜಕ್ಕೆ ಈ ಖರ್ಚು ಬೇಡ. ಊರಲ್ಲಿ ಯಾರ ಹಿತ್ತಿಲಲ್ಲಾದರೂ ಗಂಧದ ಮರ ಇದ್ದೇ ಇರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಣ್ಣು ಕಪ್ಪಾಗುತ್ತದೆ. ಪಿಕಳಾರ ಹಕ್ಕಿ ತಿನ್ನುವ ಮೊದಲು ಹೋಗಿ ಕೊಯ್ಯಿರಿ. ತಿರುಳು ತೊಳೆದು ನೆರಳಲ್ಲಿ ಒಣಗಿಸಿ. ಗಂಧದ ಬೀಜ ಒಣಗಿದರೆ ಸಾಯುವುದಿಲ್ಲ, ಪುನರ್ಪುಳಿಯ ಹಾಗಲ್ಲ.

ಇನ್ನೊಂದು. ಗಂಧ ಒಂಟಿಯಾಗಿ ಬದುಕುವುದಿಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಅರ್ಧ ಊಟ ಅಲ್ಲಿಂದ ಎಳೆಯುತ್ತದೆ. ಹಾಗಾಗಿ ತೊಟ್ಟೆಯಲ್ಲೇ ಒಂದು ತೊಗರಿ ಗಿಡ ಜೊತೆಗೆ ಇರಬೇಕು. ಮೊಳೆತ ಗಂಧ ನಾಲ್ಕೈದು ತಿಂಗಳಲ್ಲಿ ಹಳದಿಯಾಗಿ ಸೊರಗಿತು ಅಂತ ಬರುವವರೆಲ್ಲ ಈ ತೊಗರಿ ಮರೆತವರು.

ಬಿಜೈ ಪೆನ್ಷನರ್ · ಮೇ 30

ಒಳ್ಳೆಯ ಚರ್ಚೆ. ಗಂಧ ನೆಟ್ಟರೆ ಸರಕಾರದವರು ಬಂದು ಮರ ತಮ್ಮದು ಅನ್ನುತ್ತಾರೆ ಎಂಬ ಹೆದರಿಕೆ ಇನ್ನೂ ಕೆಲವರಿಗೆ ಉಂಟು. 2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಮರ ಜಾಗದವರದ್ದೇ. ಕಡಿಯುವಾಗ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಮೊಮ್ಮಕ್ಕಳಿಗೆ ಬೇಕಾದೀತು ಅಂತ ಹೇಳಿದೆ.

ತೇಗದ ಬೀಜದ ವಿಷಯ ಯಾರೂ ಎತ್ತಲಿಲ್ಲ. ಹಠಕ್ಕೆ ಅದೇ ದೊಡ್ಡಣ್ಣ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ತೋಟ ಎಬ್ಬಿಸಲಿಕ್ಕೆ ಹೊರಟಾಗ ಶುರುವಿನಲ್ಲಿ ಬೀಜ ಮೊಳೆಸುವುದೇ ಅವರಿಗೆ ದೊಡ್ಡ ತಲೆನೋವಾಗಿತ್ತು. ಚಾತು ಮೆನೋನ್ ಎಂಬವರು ಬೆನ್ನು ಬಿಡದೆ ನಿಂತು ಸಸಿ ಮಾಡಿದರು. ಆ ತೋಟದ ಮರ ಇನ್ನೂ ಉಂಟು, ನಾನು ಹೋಗಿ ನೋಡಿದ್ದೇನೆ. ಬುಡ ತಬ್ಬಲಿಕ್ಕೆ ಒಬ್ಬನಿಂದ ಆಗುವುದಿಲ್ಲ.

ನನ್ನ ಅಪ್ಪ ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ತೇಗದ ಕಾಯಿಯನ್ನು ಗೋಣಿಯಲ್ಲಿ ಕಟ್ಟಿ ರಾತ್ರಿ ತೋಡಿನ ನೀರಲ್ಲಿ ಮುಳುಗಿಸುವುದು, ಬೆಳಿಗ್ಗೆ ಎತ್ತಿ ಅಂಗಳದಲ್ಲಿ ಹರಡುವುದು. ಹಗಲು ಕಾಯುವುದು, ರಾತ್ರಿ ಮುಳುಗುವುದು. ಹೀಗೆ ಎರಡು ವಾರ. ಹಿಗ್ಗಿ ಕುಗ್ಗಿ ಆ ಗಟ್ಟಿ ಗೊರಟು ಸಡಿಲ ಆಗುತ್ತದೆ. ಗೋಣಿ ಹೊರುವ ಕೆಲಸ ನನ್ನದು. ಶಾಲೆಗೆ ಹೋಗುವ ಮೊದಲು ಒಂದು ಸಲ, ಸಂಜೆ ಒಂದು ಸಲ. ಒಂದು ಸಲ ಗೋಣಿ ಕಟ್ಟುವುದು ಸಡಿಲ ಆಗಿ ಅರ್ಧ ಬೀಜ ತೋಡಲ್ಲಿ ಹೋಯಿತು. ಬಿದ್ದ ಪೆಟ್ಟು ಈಗಲೂ ನೆನಪುಂಟು. ಒಂದು ಕಾಯಿಯಲ್ಲಿ ನಾಲ್ಕು ಬೀಜದ ತನಕ ಇರಬಹುದು, ಖಾಲಿಯೂ ಇರಬಹುದು. ಹಿರಿಯಡ್ಕದವರು ಹೇಳಿದ ಹಾಗೆ ಒಡೆದು ನೋಡುವುದು ಅಲ್ಲಿಗೂ ಒಳ್ಳೆಯದು.

ಮೂಡುಬೆಳ್ಳೆ ಹುಡುಗ · ಮೇ 31

ಅಣ್ಣ, ಉಪ್ಪಾಗೆಗೂ ಪುನರ್ಪುಳಿಯ ಕ್ರಮವೇ ಅಲ್ವಾ? ಎರಡೂ ಒಂದೇ ಕುಟುಂಬ. ಕಳೆದ ವರ್ಷ ಜುಲೈಯಲ್ಲಿ ಹಣ್ಣಿನ ಬೀಜ ಕೂಡಲೆ ಬಿತ್ತಿದ್ದೆ. ದೀಪಾವಳಿ ತನಕ ಏನೂ ಬರಲಿಲ್ಲ ಅಂತ ಚಟ್ಟಿ ಖಾಲಿ ಮಾಡಿ ಕೊತ್ತಂಬರಿ ಹಾಕಿದೆ.

ಹಿರಿಯಡ್ಕ ನರ್ಸರಿಯವ · ಮೇ 31

ಅಯ್ಯೋ, ಇನ್ನೆರಡು ತಿಂಗಳು ತಡೆದಿದ್ದರೆ ಬರುತ್ತಿತ್ತು ಮಾರಾಯ್ರೆ. ಕುಟುಂಬ ಒಂದೇ, ಬುದ್ಧಿ ಬೇರೆ. ಉಪ್ಪಾಗೆ ತಾನಾಗಿ ಮೊಳೆಯಲಿಕ್ಕೆ ಐದರಿಂದ ಏಳು ತಿಂಗಳು ತೆಗೆದುಕೊಳ್ಳುತ್ತದೆ. ಅದು ಒಣಗಿದರೂ ಸಾಯುತ್ತದೆ, ಒದ್ದೆ ಇಟ್ಟರೂ ಬೇಗ ಏಳುವುದಿಲ್ಲ. ಅಂದರೆ ಎರಡೂ ಹಠ ಒಟ್ಟಿಗೆ. ಅದಕ್ಕೆ ಬೀಜದ ಸಿಪ್ಪೆ ಸುಲಿಯಬೇಕು. ತೊಳೆದ ಹೊಸ ಬೀಜದ ಒಂದು ತುದಿಯಲ್ಲಿ ಉಗುರಿನಿಂದ ಬಿಡಿಸಿ ನಿಧಾನ ಎಳೆಯಿರಿ, ಒಳಗಿನ ತಿರುಳಿಗೆ ಗಾಯ ಆಗಬಾರದು. ಇಪ್ಪತ್ತು ಬೀಜ ಸುಲಿಯುವಾಗ ಉಗುರಿನ ಅಡಿ ಎಲ್ಲ ಹಳದಿ. ಸುಲಿದದ್ದನ್ನು ಬರೀ ಹೊಯ್ಗೆಯಲ್ಲಿ ಹಾಕಿ. ನಾನು ಜಿಬ್ಬರೆಲಿಕ್ ನೀರಲ್ಲಿ 12 ಗಂಟೆ ಅದ್ದಿ ಹಾಕುತ್ತೇನೆ. ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಎಲ್ಲರಿಗೂ ಒಂದು ಮಾತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬರುವುದು, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಷ್ಟಪಟ್ಟು ಎಬ್ಬಿಸಿದ ಮೊಳಕೆಯನ್ನು ಸೂರಿನ ನೀರು ಬೀಳುವಲ್ಲಿ ಇಟ್ಟು ಕೊಲ್ಲಬೇಡಿ. ಬುಡದಲ್ಲಿ ದಾರ ಕಟ್ಟಿದ ಹಾಗೆ ಸಪೂರ ಆಗಿ ಸಸಿ ಮಲಗಿತು ಅಂದರೆ ಅದು ನೀರು ಜಾಸ್ತಿಯಾಗಿ ಬಂದ ಕೊಳೆ. ಜಗಲಿಯ ಅಂಚಲ್ಲಿ, ಬೆಳಕು ಬರುವಲ್ಲಿ ಇಡಿ. ಮಣ್ಣಿನ ಜಾಗದಲ್ಲಿ ಹೊಯ್ಗೆ ಮತ್ತು ಸುಡುಮಣ್ಣು ಸಮ ಸಮ. ಸೆಗಣಿ ಗೊಬ್ಬರ ಎಲ್ಲ ಎಲೆ ಬಂದ ಮೇಲೆ.

ಕದ್ರಿ ಟೆರೇಸ್ · ಜೂನ್ 2

ನನ್ನದೂ ಒಂದು ಕತೆ ಉಂಟು. ತಾವರೆ ಬೀಜ. ಆನ್‌ಲೈನ್‌ನಲ್ಲಿ ಕಾಮನಬಿಲ್ಲಿನ ಬಣ್ಣದ ತಾವರೆ ಚಿತ್ರ ನೋಡಿ ಮರುಳಾಗಿ ತರಿಸಿದ್ದೆ. ನೋಡಲಿಕ್ಕೆ ಕಪ್ಪು ಗೋಲಿಯ ಹಾಗೆ. ಒಂದು ತಿಂಗಳು ನೀರಲ್ಲಿ ಇಟ್ಟೆ, ಏನೂ ಇಲ್ಲ. ಮರಳು ಕಾಗದ ಮುಗಿದಿತ್ತು. ನಮ್ಮ ಮನೆಯ ಹಳೆ ಮೆಟ್ಟಿಲು ಮುರಕಲ್ಲಿನದ್ದು. ಅದರ ಮೇಲೆ ಒಂದೊಂದೇ ಬೀಜ ತಿಕ್ಕಿದೆ. ಕಪ್ಪು ಹೋಗಿ ಕಂದು, ಕಂದು ಹೋಗಿ ಬಿಳಿ. ಬಿಳಿ ಕಂಡ ಕೂಡಲೆ ನಿಲ್ಲಿಸಿ ಗಾಜಿನ ಲೋಟದಲ್ಲಿ ಹಾಕಿದೆ. ಮರುದಿನಕ್ಕೆ ದಪ್ಪ ಆಯಿತು. ಐದನೇ ದಿನ ಹಸಿರು ಕೊಕ್ಕೆಯ ಹಾಗೆ ಮೊಳಕೆ. ನೀರು ದಿನಾ ಬದಲಿಸಬೇಕು, ಇಲ್ಲದಿದ್ದರೆ ನಾರುತ್ತದೆ.

ಹೂವು ಬಂದದ್ದು ಮಾತ್ರ ಸಾದಾ ಗುಲಾಬಿ. ಚಿತ್ರದ ನೀಲಿ ತಾವರೆ ಚಿತ್ರದಲ್ಲೇ ಉಳಿಯಿತು. ಚೀನಾದಲ್ಲಿ ಒಂದು ಬತ್ತಿದ ಕೆರೆಯ ಮಣ್ಣಲ್ಲಿ ಸಿಕ್ಕಿದ ತಾವರೆ ಬೀಜ ಸುಮಾರು 1,300 ವರ್ಷ ಹಳೆಯದ್ದು, ಅದೂ ಮೊಳೆತಿದೆ. ಆ ಸಿಪ್ಪೆ ಅಂಥದ್ದು. ಕಕ್ಕೆಯನ್ನೂ ಮುರಕಲ್ಲಿಗೆ ತಿಕ್ಕಬಹುದು ಅಕ್ಕ, ನಿಮ್ಮ ಬಾವಿಕಟ್ಟೆ ಉಂಟಲ್ಲ.

ಕಟಪಾಡಿ ಅಕ್ಕ · ಜೂನ್ 6

ವರದಿ ಒಪ್ಪಿಸುತ್ತಿದ್ದೇನೆ. ಕೆದಕಿ ತೆಗೆದ 62 ಕಕ್ಕೆ ಬೀಜದಲ್ಲಿ ನಾಲ್ಕು ಕತ್ತರಿಸಿದೆ. ನಾಲ್ಕೂ ಒಳಗೆ ಕೆನೆ ಬಣ್ಣ. ಅಷ್ಟು ದಿನ ಒದ್ದೆ ಮಣ್ಣಲ್ಲಿ ಇದ್ದದ್ದು! ಉಳಿದ 58ಕ್ಕೆ ರಾತ್ರಿ ಒಂಬತ್ತಕ್ಕೆ ಕುದಿನೀರು ಹಾಕಿ ಮುಚ್ಚಿಟ್ಟೆ. ಹನ್ನೊಂದಕ್ಕೆ ಎದ್ದು ಟಾರ್ಚ್ ಹಾಕಿ ನೋಡಿದೆ, ಎರಡಕ್ಕೆ ಇನ್ನೊಂದು ಸಲ. ಬೆಳಿಗ್ಗೆ 31 ಉಬ್ಬಿತ್ತು. ಸಿಪ್ಪೆಯ ಹೊಳಪು ಹೋಗಿ, ಮುಟ್ಟಿದರೆ ನೆನೆಸಿದ ಅವರೆಯ ಹಾಗೆ ಮೆತ್ತಗೆ. ಉಬ್ಬದೆ ಉಳಿದದ್ದು ಪಕ್ಕದಲ್ಲೇ ಕಲ್ಲಿನ ಹಾಗೆ ಕೂತಿತ್ತು. ಎರಡನೇ ನೀರಿಗೆ ಇನ್ನೂ 11. ಉಳಿದ 16ನ್ನು ಬಾವಿಕಟ್ಟೆಗೆ ತಿಕ್ಕಿದೆ. ಬೆರಳ ತುದಿ ಸವೆಯಿತು ಕದ್ರಿಯವರೆ, ಆದರೆ ಉಬ್ಬಿತು, ಎರಡು ಬಿಟ್ಟು ಎಲ್ಲ.

ಪುನರ್ಪುಳಿ ಹೊಸ ಹಣ್ಣಿನಿಂದ 12 ಬೀಜ, ಕೊಯ್ದ ದಿನವೇ ಹಾಕಿದ್ದೇನೆ. ಶರಬತ್ತು ಆಮೇಲೆ ಮಾಡಿದೆ.

ಕಟಪಾಡಿ ಅಕ್ಕ · ಜುಲೈ 21

ಕಕ್ಕೆ 47 ಗಿಡ ಆಗಿದೆ. ಇಷ್ಟು ಎಲ್ಲಿ ನೆಡುವುದು? ನೆರೆಯವರಿಗೆ ಕೊಟ್ಟು, ದೇವಸ್ಥಾನಕ್ಕೆ ಕೊಟ್ಟು, ಇನ್ನೂ 20 ಉಂಟು. ಕಟಪಾಡಿ, ಉದ್ಯಾವರ ಕಡೆಯವರು ಬೇಕಾದರೆ ಬನ್ನಿ, ತೊಟ್ಟೆ ಸಮೇತ ಕೊಡುತ್ತೇನೆ. ಐದಾರು ಸಸಿ ಬುಡ ಕೊಳೆತು ಹೋಯಿತು, ಸೂರಿನ ನೀರು ಬೀಳುವಲ್ಲೇ ಇಟ್ಟಿದ್ದೆ. ಅಣ್ಣ ಬೈಯಬೇಡಿ.

ಪುನರ್ಪುಳಿ 12ರಲ್ಲಿ ಒಂಬತ್ತು ಬಂತು. ಎಲೆ ಬರುವಾಗ ತಾಮ್ರದ ಬಣ್ಣ, ಬಹಳ ಚಂದ. ಕಸಿ ಗಿಡ ಬೇಡ ಅಂತ ನಿರ್ಧಾರ ಮಾಡಿದ್ದೇನೆ, ಮೂರು ನೆಡುತ್ತೇನೆ.

ಗಂಧದ ಮರ ಇಲ್ಲೇ ಪಕ್ಕದ ಬೀದಿಯಲ್ಲಿ ಸಿಕ್ಕಿತು. ಕಾಯಿ ಇನ್ನೂ ಹಸಿರು. ಆ ಮನೆಯ ಅಜ್ಜಿ "ಹಕ್ಕಿ ಬಿಟ್ಟರೆ ನಿಮಗೆ" ಅಂದಿದ್ದಾರೆ. ತೊಗರಿ ಮಾತ್ರ ಈಗಲೇ ಬಿತ್ತಿ ಎರಡು ಎಲೆ ಬಂದಿದೆ. ಗಂಧದ ತೊಟ್ಟೆಯಲ್ಲಿ ತೊಗರಿ ಯಾಕೆ, ಈ ಸಲ ಸಾಂಬಾರು ಮಾಡುವುದಾ ಅಂತ ನಮ್ಮ ಮನೆಯವರು ಕೇಳುತ್ತಿದ್ದಾರೆ.

ಹಿರಿಯಡ್ಕ ನರ್ಸರಿಯವ · ಜುಲೈ 21

ಬೈಯುವುದಿಲ್ಲ. ತೊಗರಿ ಎತ್ತರ ಹೋದರೆ ತುದಿ ಚಿವುಟುತ್ತಾ ಇರಿ, ಗಂಧಕ್ಕೆ ನೆರಳು ಜಾಸ್ತಿ ಆಗಬಾರದು. ಪುನರ್ಪುಳಿ ಮೂರೂ ಗಂಡಾದರೆ?

ಕಟಪಾಡಿ ಅಕ್ಕ · ಜುಲೈ 22

ಏಳೆಂಟು ವರ್ಷ ಕಳೆದು ಇಲ್ಲೇ ಬಂದು ಹೇಳುತ್ತೇನೆ ಅಣ್ಣ.